ಮುದ್ರೆ ಎಲ್ಲೈತ್ರಿ?

ನಾನು ಬಹಳ ಶಿಸ್ತಿನ ಮನುಷ್ಯ ಎಂದು ಗೋಕಾಕದಲ್ಲಿ ಒಂದು ನಂಬಿಕೆ ಇದೆ. ನಸುಕಿನಲ್ಲಿ ಎದ್ದು ಘಟಪ್ರಭೆಯ ಸೇತುವೆಯವರೆಗೆ ನಡೆದು ಬರುತ್ತೇನೆ. ದಿನಾ ಒಂದೇ ಹೊತ್ತಿಗೆ ರೊಟ್ಟಿ, ಒಂದೇ ಹೊತ್ತಿಗೆ ಗುಳಿಗೆ, ಒಂದೇ ಹೊತ್ತಿಗೆ ಹಾಸಿಗೆ. ಓಣಿಯ ತಾಯಂದಿರು ಮಕ್ಕಳನ್ನು ಬೈಯುವಾಗ ನನ್ನ ಹೆಸರು ಎತ್ತುತ್ತಾರೆ. ನಿಜ ಹೇಳಬೇಕೆಂದರೆ ಇದು ಶಿಸ್ತಲ್ಲ, ಅಂಜಿಕೆ. ಒಂದು ದಿನ ತಡವಾಗಿ ಎದ್ದರೆ ಏನಾಗುತ್ತದೋ ಎಂಬ ಅಂಜಿಕೆಯಿಂದ ಬೇಗ ಏಳುತ್ತೇನೆ. ಊಟ ತಪ್ಪಿದರೆ ಏನಾಗುತ್ತದೋ ಎಂದು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ಏನಾಗುತ್ತದೆ ಎಂದು ಒಮ್ಮೆಯಾದರೂ ಪರೀಕ್ಷಿಸಿ ನೋಡುವ ಧೈರ್ಯ ನನಗೆ ಬಂದಿಲ್ಲ. ಈ ಗುಟ್ಟು ನನ್ನ ಹೆಂಡತಿ ಕಸ್ತೂರಿಗೆ ಮಾತ್ರ ಗೊತ್ತು. ಅವಳು ಅದನ್ನು ಯಾರ ಮುಂದೆಯೂ ಹೇಳಿಲ್ಲ, ಹೇಳಿದರೆ ನಂಬುವವರಿಲ್ಲ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ಗೋಕಾಕ, ಮೂಡಲಗಿ, ಹುಕ್ಕೇರಿ ಸಂತೆಗಳಲ್ಲಿ ನನ್ನನ್ನು ದೂರದಿಂದ ಕಂಡರೆ ಸಾಕು, ಅಂಗಡಿಕಾರರ ಕೈ ತಕ್ಕಡಿಯ ಬದಲು ಎದೆಗೆ ಹೋಗುತ್ತಿತ್ತು. ತಕ್ಕಡಿಯನ್ನು ಪರೀಕ್ಷಿಸಿ, ಸರಿ ಇದ್ದರೆ ಅದರ ಸೀಸದ ಬಿಲ್ಲೆಯ ಮೇಲೆ ಸರ್ಕಾರದ ಮುದ್ರೆ ಒತ್ತುವುದು ನಮ್ಮ ಕೆಲಸ. ಆ ಮುದ್ರೆಗೆ ಗಡುವು ಇರುತ್ತದೆ; ಗಡುವು ಮುಗಿದ ಮೇಲೆ ತಕ್ಕಡಿ ಎಷ್ಟೇ ಸಾಚಾ ಇದ್ದರೂ ಮತ್ತೆ ಪರೀಕ್ಷೆಗೆ ಬರಬೇಕು. ನನ್ನ ಮೇಲೆ ಒಂದು ವಿಚಾರಣೆ ಇಲ್ಲದೆ, ಒಂದು ದೂರಿನ ಅರ್ಜಿ ಇಲ್ಲದೆ ನಿವೃತ್ತನಾದೆ. ನನಗೆ ಹೊಲವಿಲ್ಲ, ಅಂಗಡಿಯಿಲ್ಲ. ಇರುವ ಆಸ್ತಿ ಈ ಹೆಸರೊಂದೇ. ಅದು ಎಲ್ಲಿ ಜಾರಿ ಬೀಳುತ್ತದೋ ಎಂಬ ಚಿಂತೆಯಲ್ಲೇ ಈಗಿನ ದಿನಗಳು ಹೋಗುತ್ತಿವೆ.

ನಿವೃತ್ತಿಯಾದರೂ ಮುದ್ರೆ ಹುಡುಕುವ ಚಟ ಹೋಗಲಿಲ್ಲ. ಕರದಂಟು ಕೊಳ್ಳಲು ಹೋದರೆ ಮೊದಲು ತಕ್ಕಡಿಯ ಬುಡ ನೋಡುತ್ತೇನೆ, ಆಮೇಲೆ ಕರದಂಟು. ಮಗಳ ಮದುವೆಯ ಮಾತುಕತೆ ಮುಗಿದು, ಬೀಗರ ಜೊತೆ ಬಂಗಾರ ಕೊಳ್ಳಲು ಹೋದಾಗಲೂ ಅಷ್ಟೆ. ಅಕ್ಕಸಾಲಿಗನ ಪುಟ್ಟ ತಕ್ಕಡಿಯನ್ನು ಎತ್ತಿ ತಲೆಕೆಳಗೆ ಮಾಡಿ "ಮುದ್ರೆ ಎಲ್ಲೈತ್ರಿ?" ಎಂದು ಕೇಳಿಬಿಟ್ಟೆ. ಅದರಲ್ಲಿ ಬೀಗರ ಮನೆಯವರು ಆರಿಸಿದ ಸರ ಇತ್ತು. ಸರ ಕೆಳಗೆ ಬಿತ್ತು. ಬೀಗರು, ಮೂಡಲಗಿಯ ಬೆಲ್ಲದ ವ್ಯಾಪಾರಿ ಬಸಲಿಂಗಪ್ಪನವರು, ಅದನ್ನು ಎತ್ತಿಕೊಂಡು, "ಬೀಗ್ರ, ಹುಡುಗನ್ನೂ ಒಮ್ಮೆ ಹಿಂಗ ಹೊಳ್ಳಿಸಿ ನೋಡ್ರಿ ಮತ್ತ, ಮುದ್ರಿ ಇದ್ರ ಇರತೈತಿ" ಎಂದರು. ಅಂದಿನಿಂದ ಇಂದಿನವರೆಗೆ ಅವರು ನನ್ನನ್ನು ಎಲ್ಲಿ ಕಂಡರೂ ಈ ಪ್ರಸಂಗವನ್ನು ಯಾರಿಗಾದರೂ ಹೇಳಿಯೇ ಮುಂದೆ ಹೋಗುವುದು.

ಇದೇ ಬಸಲಿಂಗಪ್ಪನವರ ತಮ್ಮನ ಮಗನ ಮದುವೆ ಈಚೆಗೆ ಗೋವಾದ ಒಂದು ದೊಡ್ಡ ಹೋಟೆಲಿನಲ್ಲಿ ಆಯಿತು. ಮದುವೆಯನ್ನು ಸ್ವಂತ ಊರು ಬಿಟ್ಟು ಬೇರೆಲ್ಲೋ ಮಾಡುವ ಕಾಲವಿದು, ಇರಲಿ. ಅಕ್ಕಿಕಾಳು ಬಿದ್ದು, ಊಟ ಮುಗಿದು, ಸಂಜೆಯ ಆರತಕ್ಷತೆಗೆ ಇನ್ನೂ ಹೊತ್ತಿತ್ತು. ಕಸ್ತೂರಿ ಹೆಂಗಸರ ಜೊತೆ ಮಾತಿಗೆ ಕೂತಿದ್ದಳು, ನಾನು ರೂಮಿಗೆ ಹೋಗಿ ಮಗ್ಗುಲಾಗುವ ಹವಣಿಕೆಯಲ್ಲಿದ್ದೆ. ಬೀಗರು ರಟ್ಟೆ ಹಿಡಿದರು.

"ಬರ್ರಿ ಬೀಗ್ರ. ಕೆಳಗ ಕ್ಯಾಸಿನೊ ಐತಂತ. ನೋಡಿ ಬರೂಣು."

"ಛೆ ಛೆ! ಅದು ಜೂಜಿನ ಮನಿ ಅಲ್ರಿ? ಯಾರರ ನೋಡಿದ್ರ?"

"ಯಾರ ನೋಡ್ತಾರ್ರಿ? ಗೋಕಾಕದಾವ್ರು ಯಾರೂ ಇರಂಗಿಲ್ಲ. ಇದ್ರೂ ಅವರೂ ಅಲ್ಲೇ ಇರತಾರಲ್ರಿ! ಮತ್ತ ಇದಕ್ಕ ಸರ್ಕಾರದ ಲೈಸನ್ಸ್ ಐತಿ. ಸರ್ಕಾರದ ಮನಶ್ಯಾ ಆಗಿ ಸರ್ಕಾರಕ್ಕ ಅಂಜತೀರೇನು?"

ಸರ್ಕಾರದ ಮನುಷ್ಯನಾಗಿದ್ದರಿಂದಲೇ ಸರ್ಕಾರಕ್ಕೆ ಅಂಜುತ್ತೇನೆ ಎಂದು ಹೇಳುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತ್ತು.

ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಗೋಡೆಯ ಮೇಲೆ ಗಡಿಯಾರ ಹುಡುಕಿತು. ಗಡಿಯಾರ ಇಲ್ಲ. ಕಿಟಕಿಯೂ ಇಲ್ಲ. ಹೊರಗೆ ಮಧ್ಯಾಹ್ನವೋ ಮಧ್ಯರಾತ್ರಿಯೋ ತಿಳಿಯುವ ಹಾಗಿಲ್ಲ. ಹೊತ್ತನ್ನು ಹಿಡಿದುಕೊಂಡೇ ಬದುಕಿದವನನ್ನು ಹೊತ್ತಿಲ್ಲದ ಜಾಗಕ್ಕೆ ತಂದು ನಿಲ್ಲಿಸಿದಂತಾಯಿತು. ಸಾಲುಸಾಲಾಗಿ ಸ್ಲಾಟ್ ಮಶೀನುಗಳು. ಗುಂಡಿ ಒತ್ತಿದರೆ ಚಿತ್ರಗಳು ಗಿರ್ರನೆ ತಿರುಗಿ ನಿಲ್ಲುತ್ತವೆ. ಒಂದೇ ಥರದ ಚಿತ್ರಗಳು ಸಾಲಾಗಿ ನಿಂತರೆ ಮಶೀನು ದುಡ್ಡು ಕೊಡುತ್ತದೆ, ಇಲ್ಲದಿದ್ದರೆ ನಾವು ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ. ಜನ ಅವುಗಳ ಮುಂದೆ ಮಾತಿಲ್ಲದೆ ಕೂತಿದ್ದರು, ದವಾಖಾನೆಯಲ್ಲಿ ತಮ್ಮ ಪಾಳಿಗೆ ಕಾಯುವವರ ಹಾಗೆ.

ಕೊಡುವ ತೆಗೆದುಕೊಳ್ಳುವ ಯಂತ್ರ ಎಂದ ಮೇಲೆ ನನ್ನ ಕೈ ಸುಮ್ಮನಿರಬೇಕಲ್ಲ. ಎಷ್ಟು ತಡೆದರೂ ಆಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಒಂದು ಮಶೀನಿನ ಹಿಂದೆ ಬಗ್ಗಿ, ಬುಡದಲ್ಲಿ ಬೆರಳಾಡಿಸಿ ಸೀಸದ ಬಿಲ್ಲೆ ಹುಡುಕತೊಡಗಿದೆ. ಆಗ ಬೆನ್ನ ಹಿಂದಿನಿಂದ ಒಂದು ದನಿ, ಸಂತೆಯಲ್ಲಿ ಕೂಗುವಂಥ ದನಿ, ಕೇಳಿತು.

"ಅಯ್ಯಯ್ಯೋ, ಇನ್‌ಸ್ಪೆಕ್ಟರ್ ಸಾಹೇಬ್ರು! ಇಲ್ಲೀತನಕಾ ಬಂದ್ರೇನ್ರಿ!"

ಕೊಣ್ಣೂರಿನ ಕಾಳಿನ ವ್ಯಾಪಾರಿ ಈರಪ್ಪ. ಒಂದು ಕಾಲಕ್ಕೆ ಅವನ ತಕ್ಕಡಿಯನ್ನು ನಾನು ಜಪ್ತಿ ಮಾಡಿದ್ದೆ. ಕೂಗಿದವನು ನನ್ನ ಮುಖ ಕಂಡು ತಾನೇ ಹೆದರಿ ಕಂಬದ ಹಿಂದೆ ಮಾಯವಾದ. ಆದರೆ ಅವನ ಮಾತು ಮಾಯವಾಗಲಿಲ್ಲ. ಕಪ್ಪು ಕೋಟಿನವನೊಬ್ಬ ಇನ್ನೊಬ್ಬ ಕಪ್ಪು ಕೋಟಿನವನ ಕಿವಿಯಲ್ಲಿ ಏನೋ ಹೇಳಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮ್ಯಾನೇಜರ್ ಬಂದು, ತೀರ ಬಗ್ಗಿ, "ಸರ್, ದಯಮಾಡಿ ಒಳಗ ಬರ್ರಿ" ಎಂದ. ನಮ್ಮ ಕಡೆಯ ಕನ್ನಡ! ಸುದ್ದಿ ಊರಿಗೆ ಮುಟ್ಟುತ್ತದೆಂದು ನನ್ನ ಜೀವ ಅರ್ಧ ಹೋಯಿತು.

ಒಳಗಿನ ಕೋಣೆಯಲ್ಲಿ ಮೆತ್ತನೆಯ ಸೋಫಾ, ತಟ್ಟೆ ತುಂಬ ಗೋಡಂಬಿ. ನನ್ನ ತಲೆಯಲ್ಲಿ ಒಂದೇ ವಿಚಾರ ಸುತ್ತುತ್ತಿತ್ತು. ನಾನು ಸರ್ಕಾರದವನಲ್ಲ ಎಂದರೆ, ಮಶೀನಿನ ಬುಡದಲ್ಲಿ ಕೈ ಹಾಕಿದ್ದೇಕೆ ಎಂದು ಪೊಲೀಸರನ್ನು ಕರೆಯುತ್ತಾರೆ. ಸುಮ್ಮನಿದ್ದರೆ, ಸರ್ಕಾರಿ ಅಧಿಕಾರಿ ಎಂದು ಸೋಗು ಹಾಕಿದ ಅಪರಾಧ. ಹೇಗೆ ನೋಡಿದರೂ ಒಂದು ಅರ್ಜಿಯಿಲ್ಲದೆ ಉಳಿದ ಹೆಸರು ಇವತ್ತು ಮಣ್ಣುಪಾಲು. ನನ್ನ ಮೌನವನ್ನು ಮ್ಯಾನೇಜರ್ ಸಿಟ್ಟು ಎಂದು ತಿಳಿದ. ಬೀಗರಿಗೋ ಪರಮಾನಂದ.

"ಸಾಹೇಬ್ರು ಮಾತ ಕಡಿಮಿ ರೀ," ಎಂದರು ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತ. "ಬಂಗಾರದ ಅಂಗಡ್ಯಾಗೂ ಬಿಟ್ಟಾವ್ರಲ್ಲ."

ಮ್ಯಾನೇಜರ್ ಬೆವರು ಒರೆಸಿಕೊಂಡ. "ಸರ್, ನಮ್ದೆಲ್ಲಾ ಬರೋಬರಿ ಐತ್ರಿ. ಸೀಲ್ ಮಶೀನಿನ ಒಳಗ ಇರತೈತಿ, ಹೊರಗ ಕಾಣಂಗಿಲ್ಲ. ಹಾಕಿದ್ದರಾಗ ಮಶೀನ್ ಎಷ್ಟು ವಾಪಸ್ ಕೊಡಬೇಕು, ಎಷ್ಟು ಇಟ್ಕೋಬೇಕು ಅನ್ನೂದು ಮೊದಲ ನಿಗದಿ ಆಗಿರತೈತ್ರಿ. ಅದನ್ನ ತಪಾಸ ಮಾಡೇ ಪರವಾನಗಿ ಕೊಟ್ಟಿರತಾರ. ನಾವು ಒಂದ ಕೂದಲೆಳಿ ಹೆಚ್ಚಿಗಿ ಇಟ್ಕೊಳ್ಳೂದಿಲ್ರಿ."

ಅಂಜಿಕೆಯ ನಡುವೆಯೂ ಹಳೆಯ ಇನ್‌ಸ್ಪೆಕ್ಟರ್ ಎದ್ದು ಕೂತ. "ಅಂದ್ರ, ಹಾಕಿದ್ದಕ್ಕಿಂತ ಕಡಿಮಿ ಕೊಡೂದ ಇದರ ಸರಿಯಾದ ತೂಕ?"

"ಹೌದ್ರಿ ಸರ್!" ಎಂದ ಅವನು, ಕೊನೆಗೂ ತಿಳಿದವರು ಸಿಕ್ಕರೆಂಬ ಸಂತೋಷದಲ್ಲಿ. "ದಿನಕ್ಕ ಒಬ್ಬರಿಗೆ ಹೆಚ್ಚು ಬರಬಹುದು, ಒಬ್ಬರಿಗೆ ಏನೂ ಬರಲಿಕ್ಕಿಲ್ಲ. ಒಟ್ಟಿನ ಮ್ಯಾಲ ಲೆಕ್ಕ ಬರೋಬರಿ."

ನನಗೆ ನಿಜವಾದ ಭಯ ಹುಟ್ಟಿದ್ದು ಆಗ. ತಕ್ಕಡಿಯ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸಿದವರನ್ನು, ತೂಕದ ಕಲ್ಲಿನ ತಳ ಕೊರೆದವರನ್ನು ಜೀವಮಾನವಿಡೀ ಹಿಡಿದಿದ್ದೇನೆ. ಅವರು ಪಾಪ, ಕಳ್ಳತನದಿಂದ ಕಡಿಮೆ ತೂಗುತ್ತಿದ್ದರು, ನನ್ನನ್ನು ಕಂಡರೆ ನಡುಗುತ್ತಿದ್ದರು. ಇಲ್ಲಿ ಕಡಿಮೆ ತೂಗುವ ತಕ್ಕಡಿಯೇ ಸರಿಯಾದ ತಕ್ಕಡಿ. ಇದರ ಬುಡದಲ್ಲಿ ನಾನು ಹುಡುಕುವುದಾದರೂ ಏನನ್ನು?

"ಸರ್, ತಮ್ಮ ಆಫೀಸು ಪಣಜಿಯೊಳಗೇನ್ರಿ?" ಎಂದ ಮ್ಯಾನೇಜರ್.

ಇನ್ನು ತಡೆಯಲಾಗಲಿಲ್ಲ. "ತಮ್ಮಾ, ನಾನು ರಿಟೈರ್ ಆಗೇನಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸಂತ್ಯಾಗ ತಕ್ಕಡಿ ನೋಡತಿದ್ದೆ. ಮದವಿಗೆ ಬಂದೇನಿ. ಕೈ ಚಟಾ ಕೇಳಲಿಲ್ಲ, ಬಗ್ಗಿ ನೋಡಿದೆ. ಪೊಲೀಸರನ್ನ ಮಾತ್ರ ಕರೀಬ್ಯಾಡಪಾ."

ಅವನು ಬೆರಗಾಗಿ ನೋಡಿದ. "ಹುಕ್ಕೇರಿ ಸಂತಿಗೆ ನೀವ ಬರತಿದ್ರೇನ್ರಿ? ನಮ್ಮಪ್ಪಂದು ಅಲ್ಲೇ ಕಿರಾಣಿ ಅಂಗಡಿ ಇತ್ರಿ. ನೀವು ಬರೂ ದಿನಾ ಅಂವಾ ಊಟಾನ ಮಾಡತಿದ್ದಿಲ್ಲ. ನಿಮ್ಮ ಹೆಸರ ಹೇಳಿ ನಮ್ಮನ್ನ ಮಲಗಿಸ್ತಿದ್ದ."

ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು. ಗೋಡಂಬಿಯ ತಟ್ಟೆಯನ್ನು ಅವನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡನೆಂದು ಬೀಗರು ಇಂದಿಗೂ ನನ್ನ ಕಿವಿಯಲ್ಲಿ ಹೇಳುತ್ತಾರೆ, ನಾನು ನೋಡಲಿಲ್ಲ. ಆದರೆ ಅವನು ಒಳ್ಳೆಯವನು. ನನ್ನ ಕೈಯಲ್ಲಿ ಒಂದು ಪುಕ್ಕಟೆ ಕೂಪನ್ನು ಇಟ್ಟು, "ಬಂದೀರಿ, ಒಂದೀಟು ಆಡಿ ಹೋಗ್ರಿ. ಸುಮ್ಮನ ನಿಂತ್ರ ಮಂದಿಗೆ ಮತ್ತ ಸಂಶೇ ಬರತೈತಿ" ಎಂದ. ಸಂಶಯ ಎಂಬ ಮಾತು ಕೇಳಿದ್ದೇ ತಡ, ಮಶೀನಿನ ಮುಂದೆ ಹೋಗಿ ಕೂತೆ. ಹೆಸರು ಉಳಿಸಿಕೊಳ್ಳಲು ಜೂಜಿಗೆ ಕೂತವನು ಗೋಕಾಕ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಒತ್ತಿದೆ. ತಿರುಗಿತು, ನಿಂತಿತು. ಒತ್ತಿದೆ. ತಿರುಗಿತು, ನಿಂತಿತು. ಇದನ್ನು ಹೇಗೆ ಹೇಳಲಿ? ಅದರಲ್ಲೊಂದು ವ್ಯವಸ್ಥೆ ಇತ್ತು. ಒತ್ತಬೇಕು, ಕಾಯಬೇಕು, ನೋಡಬೇಕು, ಮತ್ತೆ ಒತ್ತಬೇಕು. ನಸುಕಿನ ನಡಿಗೆಯ ಹಾಗೆ, ಗುಳಿಗೆಯ ಹಾಗೆ, ತಪ್ಪದೆ ಒಂದರ ಹಿಂದೊಂದು. ಸದಾ ಗುಬುಗುಬು ಅನ್ನುವ ನನ್ನ ಎದೆ ಎಷ್ಟೋ ವರ್ಷಗಳ ಮೇಲೆ ಸುಮ್ಮನಾಗಿತ್ತು. ಅಂಜಿಕೆಯೇ ಇರಲಿಲ್ಲ. ಹೆಗಲ ಮೇಲೆ ಕೈ ಬಿದ್ದಾಗಲೇ ಎಚ್ಚರವಾದದ್ದು.

"ಬೀಗ್ರ, ಏಳ್ರಿ! ಆರತಕ್ಷತಿ ಮುಗದು ಮಂದಿ ಊಟಕ್ಕ ಕುಂತಾರ. ಬೀಗತಿ ನಿಮ್ಮ ಗುಳಿಗಿ ಹಿಡ್ಕೊಂಡು ಎಲ್ಲಾ ಕಡೆ ಹುಡಕಾಕತ್ತಾರ. ಆ ಕೂಪನ್ ಯಾವಾಗೋ ತೀರಿತ್ತು, ನಿಮ್ಮ ಕಿಸೇದಾಗಿನ ರೊಕ್ಕ ಹೋಗಾಕತ್ತಾವು!"

ಗಡಿಯಾರ ಗೋಡೆಯ ಮೇಲೆ ಇರಲಿಲ್ಲ, ನಿಜ. ಆದರೆ ನನ್ನ ಮುಂಗೈಯಲ್ಲಿತ್ತು. ನಾನು ಒಮ್ಮೆಯೂ ನೋಡಿರಲಿಲ್ಲ. ಬಾಗಿಲ ಬಳಿ ಕಂಬದ ಮರೆಯಿಂದ ಈರಪ್ಪ ತಲೆ ಹೊರಗೆ ಹಾಕಿದ. "ಸಾಹೇಬ್ರ, ಮುದ್ರಿ ಸಿಕ್ತೇನ್ರಿ?"

ಊರಿಗೆ ಬಂದ ಮೇಲೆ ಮನೆ ಬಿಟ್ಟು ಹೊರಡಲು ಕಾಲೇಳಲಿಲ್ಲ. ಈರಪ್ಪ ಊರೆಲ್ಲ ಸಾರಿರುತ್ತಾನೆ ಎಂದೇ ತಿಳಿದಿದ್ದೆ. ಕೊನೆಗೊಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಎದುರೇ ಸಿಕ್ಕ. ಹತ್ತಿರ ಬಂದು ಕೈ ಹಿಡಿದು, ಅಳುವ ದನಿಯಲ್ಲಿ, "ಸಾಹೇಬ್ರ, ನಾ ಅಲ್ಲಿದ್ದದ್ದನ್ನ ನಮ್ಮ ಮನ್ಯಾಗ ಹೇಳಬ್ಯಾಡ್ರಿ. ಯಾತ್ರಾಕ್ಕ ಹೋಗಿದ್ದೆ ಅಂದೇನಿ" ಎಂದ. ಮರುದಿನ ನಸುಕಿನಲ್ಲಿ ಸೇತುವೆಯ ಮೇಲೆ ನನ್ನ ನಡಿಗೆ ಮತ್ತೆ ಮೊದಲಿನ ಹಾಗಾಯಿತು. ಹೆಸರು ಉಳಿದಿತ್ತು.

ಆದರೆ ನೆಮ್ಮದಿ ಉಳಿದಿಲ್ಲ. ತಕ್ಕಡಿಗೆ ಗಡುವಿನೊಳಗೆ ಮರುಪರೀಕ್ಷೆ ಆಗಲೇಬೇಕೆಂದು ಮೂರು ಊರಿನ ಸಂತೆಗಳಲ್ಲಿ ಜಗಳ ತೆಗೆದವನು ನಾನು. ನನ್ನ ಸ್ವಂತದ ಮುದ್ರೆಯ ಗಡುವು ಮುಗಿದು ಎಷ್ಟು ಕಾಲವಾಗಿತ್ತೋ, ಯಾರೂ ಬಂದು ನೋಡಿರಲಿಲ್ಲ. ನಿನ್ನೆ ಬೀಗರ ಫೋನು ಬಂದಿತ್ತು. ಅವರ ಕಡೆಯದು ಇನ್ನೊಂದು ಮದುವೆ, ಅದೇ ಹೋಟೆಲಿನಲ್ಲಿ. ಪಕ್ಕದಲ್ಲಿ ಕಸ್ತೂರಿ, "ಬರೂದಿಲ್ಲ ಅಂತ ಹೇಳ್ರಿ" ಎಂದು ಸನ್ನೆ ಮಾಡುತ್ತಿದ್ದಳು. ಹಾಗೆಯೇ ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದೆ.

"ಆರತಕ್ಷತಿ ಎಷ್ಟ ಹೊತ್ತಿಗೈತ್ರಿ?" ಎಂದು ಕೇಳಿದ್ದು ನನ್ನ ದನಿಯೇ.