ಭಾವನ ಕಬ್ಬಿಣದ ವಠಾರ

ನಮ್ಮ ಭಾವನ ಕೈಗೆ ಸಿಕ್ಕ ಯಂತ್ರಕ್ಕೆ ಸಾಯುವ ಸ್ವಾತಂತ್ರ್ಯವಿಲ್ಲ. ಉಸಿರು ನಿಂತು ವರ್ಷವಾಗಿದ್ದರೂ ಎಬ್ಬಿಸಿ ಕೂರಿಸಿ ಕೆಲಸಕ್ಕೆ ಹಚ್ಚುತ್ತಾರೆ! ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ಅಕ್ಕನ ಮನೆಗೆ ಹೋದರೆ ನಿಮಗೇ ಗೊತ್ತಾಗುತ್ತದೆ. ಅಲ್ಲಿ ನಡುಮನೆಯ ಫ್ಯಾನು ತಿರುಗುವುದು ಹಳೆಯ ವಾಷಿಂಗ್ ಮಷೀನಿನ ಟೈಮರಿನಿಂದ. ಹದಿನೈದು ನಿಮಿಷಕ್ಕೊಮ್ಮೆ ನೆಂಟರಲ್ಲಿ ಒಬ್ಬರು ಎದ್ದು ಅದರ ಕಿವಿ ಹಿಂಡಬೇಕು. ಮದುವೆಯಲ್ಲಿ ಬಂದ ಮಿಕ್ಸಿ ಇನ್ನೂ ಇದೆ, ಆದರೆ ಅದರಲ್ಲಿ ಮೂಲ ಮಿಕ್ಸಿಯದು ಅಂತ ಉಳಿದಿರುವುದು ಮುಚ್ಚಳ ಮಾತ್ರ. "ಹೊಸದು ತರೋಣ ರೀ" ಎಂದು ಅಕ್ಕ ಅಂದರೆ, "ಇದಕ್ಕೇನಾಗಿದೆ?" ಎನ್ನುತ್ತಾರೆ. ಏನಾಗಿಲ್ಲ ಅಂತ ಕೇಳಬೇಕು!

ಭಾವ ಮೂವತ್ತನಾಲ್ಕು ವರ್ಷ ಆ ಊರಿನ ಉಕ್ಕಿನ ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಿವೃತ್ತಿ ಏನಿದ್ದರೂ ಕಾಗದದಲ್ಲಿ. ಮನೆಯಲ್ಲಿ ಇವತ್ತಿಗೂ ಫಸ್ಟ್ ಶಿಫ್ಟು ನಡೆಯುತ್ತಿದೆ. ಬೆಳಿಗ್ಗೆ ಆರಕ್ಕೆ ಖಾಕಿ ಅಂಗಿ ತೊಟ್ಟು ಹಿಂದಿನ ಕೋಣೆ ಸೇರಿದರೆ ಹೊರಗೆ ಬರುವುದು ಮಧ್ಯಾಹ್ನ ಎರಡಕ್ಕೆ. ತಿಂಡಿ ಡಬ್ಬಿಯಲ್ಲೇ ಆಗಬೇಕು. ಅಡುಗೆಮನೆಗೂ ಆ ಕೋಣೆಗೂ ಎಂಟು ಹೆಜ್ಜೆ, ಅಷ್ಟಕ್ಕೂ ಅಕ್ಕ ದಿನಾ ಡಬ್ಬಿ ಕಟ್ಟುತ್ತಾಳೆ! ಟೀ ಹಿಡಿದು ಹೋದರೆ ಬಾಗಿಲಲ್ಲೇ ತಡೆ: "ಒಳಗೆ ಬರ್ಬೇಡ, ಕೆಲಸ ನಡೀತಿದೆ."

ಇಂಥವರ ಕೈಗೆ ನನ್ನ ಹೊಟ್ಟೆಪಾಡು ಸಿಕ್ಕಿಬಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಂದಿಯಲ್ಲಿ ನನ್ನದೊಂದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯಿದೆ. ಮದುವೆ ಹೆಣ್ಣುಗಳ ಬ್ಲೌಸಿನ ಬೆನ್ನಿಗೆ ನವಿಲು, ತೋಳಿಗೆ ಮಾವಿನಕಾಯಿ ಬಳ್ಳಿ. ಹದಿನೇಳು ವರ್ಷ ಕೂತು ನಾನೇ ಬರೆದ ಡಿಸೈನುಗಳೆಲ್ಲ ಒಂದೇ ಒಂದು ಮುದಿ ಕಂಪ್ಯೂಟರಿನಲ್ಲಿದ್ದವು. ಅವನ್ನು ತೆರೆಯುವ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ, ಅದನ್ನು ಮಾಡಿದ ಕಂಪೆನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಇನ್ನೊಂದು ಕಡೆ ಕಾಪಿ ಇಟ್ಟುಕೊಂಡಿರಲಿಲ್ಲವೇ ಅಂತ ತಾನೇ ನಿಮ್ಮ ಪ್ರಶ್ನೆ? ಎಲ್ಲರೂ ಅದನ್ನೇ ಕೇಳಿದರು! ಮದುವೆ ಸೀಸನ್ನಿಗೆ ತಿಂಗಳಿದೆ ಎನ್ನುವಾಗ ಅದರ ಹಾರ್ಡ್ ಡಿಸ್ಕು ಕಟಕಟ ಹಲ್ಲು ಕಡಿಯತೊಡಗಿತು. ರಿಪೇರಿಯವರು ನೋಡಿ, "ಮೇಡಂ, ಇದರ ಕಾಲ ಮುಗೀತು" ಎಂದು ಕೈಯೆತ್ತಿದರು.

ಸುದ್ದಿ ಭದ್ರಾವತಿಗೆ ಮುಟ್ಟಿತು. ಭಾವನ ಫೋನ್ ಬಂತು. "ಬಿಸಾಕ್ಬೇಡ ಮಾರಾಯ್ತಿ! ಕಂಪ್ಯೂಟರ್ ಸತ್ರೆ ಸಾಯ್ಲಿ. ಅದರ ಜೀವ ತೆಗೆದು ಇನ್ನೊಂದರೊಳಗೆ ಇಡ್ತೀನಿ."

ಧೈರ್ಯ ಬಂತೋ ಭಯವಾಯಿತೋ ಈಗಲೂ ಹೇಳಲಾರೆ.

ಆ ವಾರವೇ ಯಾವುದೋ ಆಫೀಸಿನವರು ಗುಜರಿಗೆ ಹಾಕಿದ್ದ ಸರ್ವರೊಂದನ್ನು ಆಟೋದಲ್ಲಿ ಮಲಗಿಸಿ ತಂದರಂತೆ. ನಾನು ಹೋಗಿ ನೋಡಿದೆ. ಬೀರುವಿನಿಂದ ಡ್ರಾಯರ್ ಕಿತ್ತು ತಂದಂಥ ಉದ್ದನೆಯ, ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಸ್ವಿಚ್ ಹಾಕಿದ ಕೂಡಲೇ ಅದರ ಆರೂ ಫ್ಯಾನುಗಳು ಒಟ್ಟಿಗೆ ಕಿರುಚಿಕೊಂಡವು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ತಲೆ ಹಾಕಿ ಕೇಳಿದರು: "ಏನ್ರೀ, ಸೋಗಾನೆ ಏರ್‌ಪೋರ್ಟಿಗೆ ಹೋಗೋ ವಿಮಾನ ನಿಮ್ಮನೇಲೇ ಇಳಿದುಬಿಡ್ತಾ?"

ಭಾವ ಅಕ್ಕನನ್ನೂ ನನ್ನನ್ನೂ ಬಾಗಿಲಲ್ಲಿ ನಿಲ್ಲಿಸಿ ಪಾಠ ಮಾಡಿದರು. "ನೋಡಿ, ಇದು ವಠಾರ ಇದ್ದ ಹಾಗೆ. ಕಟ್ಟಡ ಒಂದು, ಒಳಗೆ ಐದು ಮನೆ. ಕರೆಂಟು, ನೀರು ಎಲ್ಲ ಒಂದೇ ಕಡೆಯಿಂದ. ಆದ್ರೆ ಪ್ರತಿ ಮನೆಯವರಿಗೂ ಇಡೀ ಕಟ್ಟಡ ತಮ್ಮದೇ ಅಂತ ಭ್ರಮೆ! ವರ್ಚುವಲ್ ಮಷೀನ್ ಅಂದ್ರೆ ಅಷ್ಟೆ. ನಿನ್ನ ಹಳೇ ಕಂಪ್ಯೂಟರು ಒಂದನೇ ಮನೆ. ತಾನು ಸತ್ತಿದ್ದು ಅದಕ್ಕೇ ಗೊತ್ತಾಗಲ್ಲ."

"ಉಳಿದ ನಾಲ್ಕು ಮನೆಗೆ ಯಾರು ಬರ್ತಾರೆ?" ಎಂದಳು ಅಕ್ಕ.

"ಖಾಲಿ ಇರ್ಲಿ. ಯಾರಾದ್ರೂ ಬರ್ತಾರೆ."

"ಯಾರೇ ಬರ್ಲಿ, ಅಡ್ವಾನ್ಸ್ ಇಸ್ಕೊಳ್ಳಿ" ಎಂದು ಅಕ್ಕ ಒಳಗೆ ಹೋದಳು.

ಕೆಲಸ ಶುರುವಾಯಿತು. ಭಾವ ಎಂಟು ಮೆಮೊರಿ ಪಟ್ಟಿಗಳನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದರು. ಜೊತೆಗೆ ಕಾರ್ಖಾನೆಯ ಪದ್ಧತಿಯಂತೆ ರಿಜಿಸ್ಟರು ಬೇರೆ. ಮೊದಲ ದಿನ ಬರೆದರು: "ಕಟ್ಟಡ ಸಿದ್ಧ. ಮನೆ ಕಟ್ಟಲು ಯಂತ್ರ ಒಪ್ಪುತ್ತಿಲ್ಲ." ಎರಡನೆಯ ದಿನ: "ಈಗಲೂ ಒಪ್ಪುತ್ತಿಲ್ಲ. ಹಟಮಾರಿ." ಮೂರನೆಯ ದಿನ: "ಕಾರಣ ಪತ್ತೆಯಾಯಿತು. ಸೆಟ್ಟಿಂಗಿನಲ್ಲಿ ವರ್ಚುವಲ್ ಮಷೀನಿಗೆ ಇರುವ ಸ್ವಿಚ್ಚನ್ನೇ ಹಾಕಿರಲಿಲ್ಲ. ತಪ್ಪು ಯಂತ್ರದ್ದಲ್ಲ."

ಕೊನೆಗೆ ನನ್ನ ಡಿಸ್ಕಿನ ಸರದಿ. ಭಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ಗಂಭೀರವಾಗಿ ಹೇಳಿದರು. "ಒಂದು ಸಲ ಪೂರ್ತಿ ಓದಿದ್ರೆ ಉಳೀತು. ಮಧ್ಯದಲ್ಲಿ ನಿಂತ್ರೆ ಮತ್ತೆ ತಿರುಗುತ್ತೆ ಅಂತ ಗ್ಯಾರಂಟಿ ಇಲ್ಲ." ಬೆಳಿಗ್ಗೆ ಆರೂವರೆಗೆ ಕಾಪಿ ಶುರು. ಡಿಸ್ಕು ಕಟಕಟ ಎನ್ನುತ್ತಾ ಆಮೆಯ ಹಾಗೆ ಓದುತ್ತಿತ್ತು. ಅಂಗಡಿಗೆ ಬೀಗ ಹಾಕಿ ಬಂದಿದ್ದ ನಾನು ಸ್ಟೂಲಿನ ಮೇಲೆ ಕೂತು ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತೆ. ಒಂದೂವರೆಗೆ ಮುಕ್ಕಾಲು ಪಾಲು ಮುಗಿದಿತ್ತು.

ಎರಡು ಗಂಟೆಗೆ ಭಾವ ಎದ್ದರು. ಕೈ ಒರೆಸಿಕೊಂಡರು. ಗೋಡೆಯ ಹತ್ತಿರ ಹೋಗಿ ಆ ಕೋಣೆಯ ಮೇನ್ ಸ್ವಿಚ್ ಎಳೆದು, "ಸ್ವಿಚ್ ಹಾಕಬೇಡಿ" ಎಂಬ ಬೋರ್ಡು ನೇತುಹಾಕಿ, ಮೇನ್ ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೊರಟರು. ಮೂವತ್ತನಾಲ್ಕು ವರ್ಷ ಶಿಫ್ಟು ಮುಗಿದಾಗ ಮಾಡಿದ್ದೇ ಅದು! ಫ್ಯಾನುಗಳು ಸುಯ್ಯೆಂದು ನಿಂತವು. ಡಿಸ್ಕೂ ನಿಂತಿತು.

"ಬೆಂಕಿ ಹಾಕ ನಿಮ್ಮ ಶಿಫ್ಟಿಗೆ!" ಎಂದು ಕೂಗಿಬಿಟ್ಟೆ. ಭಾವನಿಗೆ ನಾನು ಅಂಥ ಮಾತು ಆಡಿದ್ದು ಅದೇ ಮೊದಲು. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಆ ದಿನ ಅವರು ಊಟ ಮಾಡಲಿಲ್ಲ ಅಂತ ಅಕ್ಕ ಆಮೇಲೆ ಹೇಳಿದಳು.

ಮತ್ತೆ ಸ್ವಿಚ್ ಹಾಕಿದರೂ ಡಿಸ್ಕು ಏಳಲಿಲ್ಲ. ಮರುದಿನ ಇಡೀ ಶಿಫ್ಟು ಡಿಸ್ಕಿನ ಉಪಚಾರವೇ ಆಯಿತು. ತಣ್ಣಗೆ ಮಾಡಿ ನೋಡಿದರು, ಮಗ್ಗುಲು ಬದಲಿಸಿ ಮಲಗಿಸಿದರು, ಬೆರಳಿನಿಂದ ಮೆಲ್ಲಗೆ ತಟ್ಟಿದರು. ಮೂರನೆಯ ದಿನ ಅದು ತಿರುಗಿತು! ಕಾಪಿ ಮಾಡುವ ಪ್ರೋಗ್ರಾಂ ಎಲ್ಲಿ ನಿಂತಿದ್ದೆ ಅಂತ ಬರೆದಿಟ್ಟುಕೊಂಡಿತ್ತಂತೆ, ಅಲ್ಲಿಂದಲೇ ಮುಂದುವರಿಯಿತು. ಭಾವ ಈ ಸಲ ಸ್ವಿಚ್ ಹಾಕಿದ ಮೇಲೇ ಮೇನ್ ಪೆಟ್ಟಿಗೆಗೆ ಬೀಗ ಜಡಿದು, ಬೀಗದ ಕೈಯನ್ನು ಅಕ್ಕನಿಗೆ ಕೊಟ್ಟು, "ನಾನು ಕೇಳಿದ್ರೂ ಕೊಡ್ಬೇಡ" ಎಂದಿದ್ದರು. ಎರಡು ಗಂಟೆಗೆ ಸರಿಯಾಗಿ ಎದ್ದು ಬಂದು ಕೈ ಚಾಚಿದರಂತೆ. "ಹೋಗಿ ಕೂತ್ಕೊಳ್ಳಿ, ಇವತ್ತು ಓವರ್‌ಟೈಮು!" ಎಂದು ಅಕ್ಕ ಗದರಿ ಕಳಿಸಿದಳಂತೆ.

ಸಂಜೆ ನನ್ನನ್ನು ಕರೆಸಿಕೊಂಡು ಒಂದನೇ ಮನೆಯ ಬಾಗಿಲು ತೆರೆದು ತೋರಿಸಿದರು. ಪರದೆಯ ಮೇಲೆ ನನ್ನ ಹಳೆಯ ಕಂಪ್ಯೂಟರು ಹಾಗೇ ಎದ್ದು ಕೂತಿತ್ತು. ಹದಿನೇಳು ವರ್ಷದ ನವಿಲುಗಳು, ಬಳ್ಳಿಗಳು, ಮೊದಲ ವರ್ಷ ಬರೆದಿದ್ದ ಕುಂಟು ಹಂಸವೂ ಸೇರಿ ಎಲ್ಲ ಇದ್ದವು. ನಾನು ಅಲ್ಲೇ ಅತ್ತೆ. "ಅಳ್ಬೇಡ ಮಾರಾಯ್ತಿ, ಕೀಬೋರ್ಡ್ ನೆನೆಯುತ್ತೆ" ಎಂದರು ಭಾವ.

ಪೆಟ್ಟಿಗೆಯನ್ನು ಅಕ್ಕನ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಶಿವಮೊಗ್ಗದ ಬಸ್ಸು ಹತ್ತಿದೆವು. ಕಂಡಕ್ಟರು, "ಏನ್ ಯಜಮಾನ್ರೇ ಅದು, ಹಾರ್ಮೋನಿಯಮ್ಮಾ?" ಎಂದು ಕೇಳಿದರು.

ಭಾವ ಎದೆಯುಬ್ಬಿಸಿ ಹೇಳಿದರು. "ನೋಡೋಕೆ ಒಂದು. ಇದರೊಳಗೆ ಐದು ಕಂಪ್ಯೂಟರ್ ಇದೆ!"

"ಹಾಗಾದ್ರೆ ಐದು ಲಗೇಜ್ ಟಿಕೆಟ್" ಎಂದರು ಕಂಡಕ್ಟರು.

ಅಂಗಡಿಯ ಅಟ್ಟದ ಮೇಲೆ ಪೆಟ್ಟಿಗೆ ಕೂತಿತು. ಫ್ಯಾನಿನ ಅಬ್ಬರ ತಗ್ಗಿಸಿ, ಅಲ್ಲಿಂದ ವೈರು ಇಳಿಸಿ, ಹೊರಡುವಾಗ ಭಾವ ಎರಡೆರಡು ಸಲ ಹೇಳಿದರು. "ಏನಾದ್ರೂ ಕೆಟ್ರೆ ಬೇರೆ ಯಾರನ್ನೂ ಕರೀಬೇಡ. ನನಗೇ ಫೋನ್ ಮಾಡು."

ಏನೂ ಕೆಡಲಿಲ್ಲ. ಮದುವೆ ಸೀಸನ್ನಿನ ಗಡಿಬಿಡಿಯಲ್ಲಿ ನನಗೆ ಫೋನ್ ಮಾಡಲು ಪುರುಸೊತ್ತೂ ಆಗಲಿಲ್ಲ. ಮೂರು ವಾರ ಕಳೆದ ಮೇಲೆ ಅವರೇ ಮಾಡಿದರು.

"ಏನೂ ಕೆಟ್ಟಿಲ್ವಾ?"

"ಇಲ್ಲ ಭಾವ, ಒಂದು ದಿನವೂ ನಿಂತಿಲ್ಲ."

"ಓ... ಒಳ್ಳೇದಾಯ್ತು ಬಿಡು." ಆ ಧ್ವನಿಯಲ್ಲಿ ಒಳ್ಳೆಯದಾದ ಲಕ್ಷಣವೇ ಇರಲಿಲ್ಲ.

ಅಕ್ಕ ಫೋನ್ ಇಸಿದುಕೊಂಡು ಹಿತ್ತಲಿಗೆ ಹೋಗಿ ಮೆಲ್ಲಗೆ ಹೇಳಿದಳು. "ಕಾರ್ಖಾನೇಲಿದ್ದಾಗ ಊಟಕ್ಕೆ ಕೂತ್ರೂ ಇವರನ್ನ ಬಿಡ್ತಿರ್ಲಿಲ್ಲ ಕಣೇ, ನೀವೇ ಬರ್ಬೇಕು ಅಂತ ಕರೆಯೋಕೆ ಬರೋರು. ಈಗ ಯಾರು ಕರೀತಾರೆ? ನಿಂದು ಕೆಟ್ಟೀತು ಅಂತ ದಿನಾ ಟೂಲ್ ಬ್ಯಾಗು ಬಾಗಿಲ ಹತ್ರ ಇಟ್ಕೊಂಡು ಕೂತಿರ್ತಾರೆ."

ನನ್ನ ಡಿಸೈನು ಉಳಿದದ್ದೇ ದೊಡ್ಡದು ಅಂದುಕೊಂಡು, ಉಳಿಸಿದವರನ್ನು ಮರೆತು ಕೂತಿದ್ದೆನಲ್ಲ!

ಮರುದಿನ ಬೆಳಿಗ್ಗೆ ಫೋನ್ ಮಾಡಿ ಸುಳ್ಳು ಹೇಳಿದೆ. "ಭಾವ, ಯಾಕೋ ಸ್ವಲ್ಪ ನಿಧಾನ ಆಗಿದೆ. ಬಂದು ನೋಡ್ತೀರಾ?"

ಒಂದು ಗಂಟೆಯಲ್ಲಿ ಅಂಗಡಿ ಬಾಗಿಲಲ್ಲಿದ್ದರು. ಅಟ್ಟ ಹತ್ತಿ ಎಲ್ಲ ಪರೀಕ್ಷೆ ಮಾಡಿ, ಇಳಿದು ಬಂದು, ನಾನು ತರಿಸಿದ ಕಾಫಿಯನ್ನು ನಿಧಾನವಾಗಿ ಕುಡಿದರು.

"ಅದಕ್ಕೇನೂ ಆಗಿಲ್ಲ" ಎಂದರು.

ನಾನು ತಲೆ ತಗ್ಗಿಸಿ ದಾರ ಸುತ್ತುತ್ತಿದ್ದೆ. ಭಾವ ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದರು.

"ಗುರುವಾರದ ಹೊತ್ತಿಗೆ ಮತ್ತೆ ನಿಧಾನ ಆದ್ರೂ ಆಗಬಹುದು."

"ಆಗುತ್ತೆ ಭಾವ, ಖಂಡಿತ ಆಗುತ್ತೆ" ಎಂದೆ.