ತಿಪ್ಪೇಶನ ಮಷೀನು ಕೂಟ ಸೇರಿದ್ದು

ಮಾಳಿಗೆಯ ಮೇಲೆ ಮಂಗದ ಒಂದು ಕೈಯಲ್ಲಿ ಇಂಟರ್ನೆಟ್ ಕೇಬಲ್, ಇನ್ನೊಂದು ಕೈಯಲ್ಲಿ ತಿಪ್ಪೇಶ ಉಟ್ಟಿದ್ದ ಲುಂಗಿ. ಎರಡರಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳಬಹುದಾಗಿದ್ದ ಆ ಧರ್ಮಸಂಕಟದಲ್ಲಿ ತಿಪ್ಪೇಶ ಕೇಬಲ್ಲನ್ನೇ ಆರಿಸಿಕೊಂಡ! ಪಕ್ಕದ ಮನೆಯ ಜಂಬಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೋಡಿದಳು.

"ಮಾನ ಹೋದ್ರ ಹೋಗ್ಲಿ, ಲೈನ್ ಹೋಗಬಾರ್ದು!" ಎಂದು ಅವನು ಟವೆಲ್ ಸುತ್ತಿಕೊಂಡು ಕೆಳಗಿಳಿದ.

ಆ ವರ್ಷ ಅದಿರಿನ ಲಾರಿಗಳು ನಿಂತು, ಹೊಸಪೇಟೆಯ ಅವನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನೊಣಗಳೇ ಗಿರಾಕಿಗಳಾಗಿದ್ದವು. ಆಗ ಬಂತು ಬಿಟ್‌ಕಾಯಿನ್ ಸುದ್ದಿ. ದೇಶದೇಶದ ಕಂಪ್ಯೂಟರುಗಳು ಇಂಟರ್ನೆಟ್ಟಿನಲ್ಲಿ ಕೂಟ ಕಟ್ಟಿಕೊಂಡು ಲೆಕ್ಕ ಬಿಡಿಸುವುದು, ಕೂಲಿಯಾಗಿ ಬಂದ ಆ ಕಂಪ್ಯೂಟರ್ ಹಣವನ್ನು ಹಂಚಿಕೊಳ್ಳುವುದು! ತಿಪ್ಪೇಶ ಹೆಂಡತಿ ಗಂಗಾಂಬಿಕಾಳ ಹೊಲಿಗೆ ಮಷೀನನ್ನು ಪಡಸಾಲೆಗೆ ತಳ್ಳಿ, ಅದಿದ್ದ ಕೋಣೆಯಲ್ಲಿ ಗುಂಯ್‌ಗುಡುವ ಕಂಪ್ಯೂಟರೊಂದನ್ನು ಪ್ರತಿಷ್ಠಾಪಿಸಿದ. "ಲೈನ್ ಮಾತ್ರ ಕಡೀಬಾರ್ದಣ್ಣ" ಎಂದು ಕೂಟದ ಉಸ್ತುವಾರಿ, ಹುಬ್ಬಳ್ಳಿಯ ಹುಲುಗೇಶ ಫೋನಿನಲ್ಲಿ ಮಂತ್ರೋಪದೇಶ ಮಾಡಿದ.

"ಆಯುಧ ಪೂಜಿ ತನಕ ನೋಡ್ತೀನ್ರಿ," ಅಂದಳು ಗಂಗಾಂಬಿಕಾ. "ಅಷ್ಟ್ರಾಗ ಇದು ದುಡೀಲಿಲ್ಲಂದ್ರ ಇದು ಹೊರಗ, ನನ್ನ ಮಷೀನು ಒಳಗ."

"ನೋಡ್ತಿರು ಗಂಗಾ, ಕುಬೇರನೇ ಬಂದು ನಿನ್ನ ಹತ್ರ ಅಂಗಿ ಹೊಲಿಸ್ಕೋತಾನ!"

ಪರದೆಯ ಮೇಲೆ 'ಮತ್ತೆ ಪ್ರಯತ್ನಿಸುತ್ತಿದ್ದೇನೆ' ಎಂಬರ್ಥದ ಇಂಗ್ಲಿಷ್ ಸಾಲು ಹಗಲೂ ರಾತ್ರಿ ಓಡುತ್ತಲೇ ಇತ್ತು. "ಎಂಥಾ ಛಲ!" ಎಂದು ತಿಪ್ಪೇಶ ಗದ್ಗದಿತನಾದ. ಅಂಥ ಛಲಗಾರನಿಗೆ ಒತ್ತಾಸೆಯಾಗಿ ಇಂಟರ್ನೆಟ್ ಸ್ಪೀಡ್ ಏರಿಸಿದ. ಮತ್ತೂ ಏರಿಸಿದ. ಗಂಗಾಂಬಿಕಾ ಮಾತ್ರ, ಮಂಗಗಳ ಕಾಟಕ್ಕೆ ಮಾಳಿಗೆಯಲ್ಲಿ ಹರವಲಾಗದ ಸಂಡಿಗೆಯ ತಟ್ಟೆಯನ್ನು ಕಂಪ್ಯೂಟರಿನ ಬಿಸಿಗಾಳಿಗೆ ಸದ್ದಿಲ್ಲದೆ ಸರಿಸಿದಳು.

"ಲೇ, ಕುಬೇರನ ಬೆನ್ನಿಗೆ ಸಂಡಿಗೀನಾ!"

"ಸುಮ್ನ ಕುಂದ್ರಿ. ಕುಬೇರನೂ ಉಣ್ತಾನ."

ಆಯುಧ ಪೂಜೆ ಬಂತು. ಅವನ ಜಾಕು, ಸ್ಪ್ಯಾನರು, ಅವಳ ಕತ್ತರಿ ಎಲ್ಲವೂ ಕೆಲಸ ಬಿಟ್ಟು ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂತವು.

"ಅದನ್ನೂ ಬಂದ್ ಮಾಡ್ರಿ. ಇವತ್ತು ಆಯುಧಕ್ಕ ರಜಾ."

"ಬ್ಯಾಡ! ನಾವು ಕೈಬಿಟ್ರ ಇಡೀ ಜಗತ್ತಿನ ಲೆಕ್ಕ ತಪ್ತೈತಿ!"

ಹೀಗೆ, ದುಡಿಯುತ್ತಲೇ ಆರತಿ ಎತ್ತಿಸಿಕೊಂಡ ಏಕೈಕ ಆಯುಧವೆಂಬ ಕೀರ್ತಿ ಅದರದಾಯಿತು. ಪ್ರಸಾದಕ್ಕೆ ಬಂದ ಜಂಬಕ್ಕನ ಮುಂದೆ ಹೋದ ಮಾನವನ್ನು ಮರಳಿ ತರಲು ತಿಪ್ಪೇಶ ಸ್ಪೀಕರ್ ಹಾಕಿಯೇ ಫೋನ್ ಮಾಡಿದ.

"ಹುಲುಗೇಶಾ, ನಮ್ಮ ಮಷೀನು ಹೆಂಗ ದುಡಿಯಾಕತ್ತೈತಿ? ಎಲ್ರಿಗೂ ಕೇಳೋಹಂಗ ಹೇಳು!"

ಆ ಕಡೆ ಕೀಲಿಮಣೆಯ ಟಕಟಕ. "ಅಣ್ಣಾ... ನಿಮ್ದು ಇನ್ನೂ ಕೂಟಕ್ಕ ಸೇರೇ ಇಲ್ಲಲ್ಲ."

"ಸೇರಿಲ್ಲಾ? 'ಮತ್ತೆ ಪ್ರಯತ್ನ' ಅಂತ ಹಗಲೂ ರಾತ್ರಿ ತೋರ್ಸಾಕತ್ತೈತಿ, ಸ್ಪೀಡ್ ಅಷ್ಟು ಏರ್ಸೀನಲ್ಲೋ!"

"ಸ್ಪೀಡ್ ಯಾರು ಕೇಳಿದ್ರಣ್ಣ? ಒಂಚೂರು ಇದ್ರ ಸಾಕಿತ್ತು. ನಿಮ್ಮ ಮೋಡೆಮ್‌ನಾಗ ಮಷೀನು ಹೊರಗ ಬರೋ ದಾರೀನೇ ಬಂದ್ ಐತಿ. ಮನಿ ಬಾಗ್ಲ ಹಾಕ್ಕೊಂಡು ಮುಂದಿನ ರೋಡ್ ಅಗಲ ಮಾಡ್ಸೀರಿ!"

ಜಂಬಕ್ಕ ಎರಡನೇ ಸಲ ಸೆರಗು ಬಾಯಿಗೆ ಒತ್ತಿಕೊಂಡಳು. ತಿಪ್ಪೇಶ ಚೆಂಡುಹೂವಿನ ಹಾರದ ಸಮೇತ ಕುಬೇರನನ್ನು ಎತ್ತಲು ಬಗ್ಗಿದ.

"ಅಲ್ಲೇ ಇರ್ಲಿ ಬಿಡ್ರಿ," ಅಂದಳು ಗಂಗಾಂಬಿಕಾ, ಮೆತ್ತಗೆ.

ಅವನ ಕಣ್ಣು ತುಂಬಿ ಬಂತು. "ಇನ್ನೂ ನನ್ನ ಮ್ಯಾಲ ಅಷ್ಟು ನಂಬಿಕಿ ಐತೇನು ಗಂಗಾ?"

"ನಿಮ್ಮ ಮ್ಯಾಲಲ್ರಿ. ಸಂಡಿಗಿ ಇನ್ನೂ ಒಂದು ಮಗ್ಗಲು ಹಸಿ ಐತಿ."