ಆ ಇಪ್ಪತ್ತು ಮಿಲಿಸೆಕೆಂಡು

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದಂತೆ. ನನ್ನದು ಓದುವ ಕನ್ನಡಕದಲ್ಲಿದೆ. ಅದನ್ನು ಏರಿಸಿಕೊಂಡರೆ ಸಾಕು, ಇನ್ನೊಬ್ಬರು ಬರೆದದ್ದೆಲ್ಲ ತಪ್ಪಾಗಿ ಕಾಣುತ್ತದೆ. ಒಮ್ಮೆ ಮೂಡಲಗಿಯ ನೆಂಟರು ಕೊಟ್ಟ ಲಗ್ನಪತ್ರಿಕೆಯ ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಗೆರೆ ಎಳೆದು ಅವರ ಕೈಗೇ ವಾಪಸು ಕೊಟ್ಟಿದ್ದೆ. ಲಗ್ನದ ಊಟವೇನೋ ಸಿಕ್ಕಿತು. ಅವರು ಮಾತಾಡುವುದನ್ನು ಬಿಟ್ಟರು.

ಇಂಥ ನನಗೆ, ಗೋಕಾಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ದಿನಗಳಲ್ಲಿ, ಹೇಳಿ ಮಾಡಿಸಿದಂಥ ಒಂದು ಬಿಟ್ಟಿ ಚಾಕರಿ ಗಂಟುಬಿತ್ತು. ದೇಶದೇಶದ ಜನ ಕೂಡಿ ಕಟ್ಟುತ್ತಿದ್ದ, ಯಾರು ಬೇಕಾದರೂ ಬಳಸಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ ಇತ್ತು. ಅದರ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಹೊಸದೊಂದು ಯಂತ್ರದ ಜೊತೆ ಕರ್ನಲ್ ಮಾತಾಡಬೇಕಾದರೆ ನಡುವೆ ಡ್ರೈವರ್ ಎಂಬ ದುಭಾಷಿ ಬೇಕು. ಜನ ಬರೆದು ಕಳಿಸಿದ ಕ್ಯಾಮೆರಾ ಡ್ರೈವರುಗಳನ್ನು ಸಾಲುಸಾಲಾಗಿ ಓದಿ ತಪ್ಪು ಹುಡುಕುವುದು ನನ್ನ ಕೆಲಸ. ನಾನು ಒಪ್ಪದೆ ಅವು ಒಳಗೆ ಹೋಗುವಂತಿಲ್ಲ.

ಹುಕ್ಕೇರಿಯಿಂದ ಶಾಹಿದಾ ಎಂಬಾಕೆ ಒಂದು ಕ್ಯಾಮೆರಾ ಸೆನ್ಸರಿಗೆ, ಅಂದರೆ ಬೆಳಕನ್ನು ಹಿಡಿಯುವ ಉಗುರಗಲದ ಬಿಲ್ಲೆಗೆ, ಡ್ರೈವರ್ ಬರೆದು ಕಳಿಸಿದಳು. ಅಪ್ಪನ ಫೋಟೋ ಸ್ಟುಡಿಯೋದಲ್ಲಿ ಕೂತು ತಾನೇ ಕಲಿತವಳಂತೆ. ಕೋಡು ಚೊಕ್ಕಟವಾಗಿತ್ತು, ಅದೇ ನನಗೆ ಸೇರಲಿಲ್ಲ. ಹುಡುಕಿ ಹುಡುಕಿ ಕೊನೆಗೊಂದು ಸಾಲು ಸಿಕ್ಕಿತು. ಸೆನ್ಸರನ್ನು ಎಬ್ಬಿಸಿದ ಮೇಲೆ ಇಪ್ಪತ್ತು ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಐವತ್ತರಲ್ಲೊಂದು ಪಾಲು, ಸುಮ್ಮನೆ ಕಾಯಬೇಕಂತೆ. ಕಂಪನಿಯ ಕೈಪಿಡಿಯಲ್ಲಿ ಕಾಯುವ ಮಾತೇ ಇರಲಿಲ್ಲ. ‘ತೆಗೆಯಿರಿ’ ಎಂದು ಬರೆದೆ. ಎರಡನೇ ಸಲ ಬಂತು, ಸಾಲು ಅಲ್ಲೇ. ‘ಸುಮ್ಮನೆ ಕಾಯುತ್ತ ಕೂಡ್ರಲು ಕರ್ನಲ್ ಏನು ಬಸ್ ಸ್ಟ್ಯಾಂಡೇ?’ ಎಂದು ಬರೆದೆ. ಮೂರನೇ ಸಲ ಅದೇ ಸಾಲಿನ ಜೊತೆ ಉತ್ತರವೂ ಬಂತು: ‘ತಗದ್ರ ನಡೆಯೂದಿಲ್ರಿ ಸರ್. ಒಮ್ಮೆ ಬಂದು ನೋಡ್ರಿ.’

ಮೈಯೆಲ್ಲ ಉರಿಯಿತು. ನನಗೆ ಹೇಳುತ್ತಾಳೆ! ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಘಟಪ್ರಭಾ ದಾಟುವವರೆಗೆ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಹುಕ್ಕೇರಿ ಬರುವಷ್ಟರಲ್ಲಿ ಅವು ಭಾಷಣವಾಗಿದ್ದವು.

ಸ್ಟುಡಿಯೋ ಬಾಗಿಲಲ್ಲಿ ಆಕೆಯ ಅಪ್ಪ ದಸ್ತಗೀರ ಸಾಹೇಬರು, “ಬರ್ರಿ ಮಾಸ್ತರ್ರ, ಬರ್ರಿ. ಚಾ ತರಸ್ತೇನಿ” ಎಂದರು. “ಚಾ ಆಮ್ಯಾಲ. ಮದಲ ಆ ಸಾಲಿಂದು ಇತ್ಯರ್ಥ ಆಗ್ಲಿ” ಎಂದೆ. ಶಾಹಿದಾ ವಾದಕ್ಕೇ ಇಳಿಯಲಿಲ್ಲ. ಸ್ಟೂಲು ತೋರಿಸಿ, “ಕುಂದರ್ರಿ ಸರ್. ನೀವು ಹೇಳಿದಂಗ ಸಾಲು ತಗದೇನಿ” ಎಂದು ಕ್ಯಾಮೆರಾವನ್ನು ನನ್ನತ್ತ ತಿರುಗಿಸಿದಳು. ಪರದೆಯೆಲ್ಲ ಹಸಿರು. ಮತ್ತೊಮ್ಮೆ ನೋಡಿದರೂ ಹಸಿರೇ. “ನಿನ್ನ ಕ್ಯಾಮೆರಾನ ಕೆಟ್ಟೈತಿ!” ಎಂದು ಒದರಿದೆ. ಆಕೆ ಅಂಥದೇ ಇನ್ನೊಂದನ್ನು ತಂದು ಜೋಡಿಸಿದಳು. ಅದರಲ್ಲಿ ಹಸಿರೂ ಇಲ್ಲ, ಬರೀ ಕಪ್ಪು. ಆಮೇಲೆ ಆ ಒಂದು ಸಾಲನ್ನು ಮತ್ತೆ ಸೇರಿಸಿದಳು. ಎರಡರಲ್ಲೂ ನಾನು ಮೂಡಿದೆ: ಗಂಟಿಕ್ಕಿದ ಹುಬ್ಬು, ಕಚ್ಚಿ ಹಿಡಿದ ಹಲ್ಲು, ಉಬ್ಬಿದ ಮೂಗು.

ದಸ್ತಗೀರ ಸಾಹೇಬರು ಬಗ್ಗಿ ನೋಡಿ, “ಫೋಟೋ ಭಾಳ ಚೊಲೊ ಬಂದೈತ್ರಿ. ಮಾಸ್ತರ್ರು ಅಷ್ಟ ಒಂದೀಟು ಸಮಾಧಾನ ಆಗಬೇಕು” ಎಂದರು.

ಸೋತರೂ ಬಿಡುವ ಜಾತಿಯಲ್ಲ ನಾನು. “ಯಾಕ ಕಾಯಬೇಕು ಅಂತ ಬಾಜೂಕ ಒಂದು ಟಿಪ್ಪಣಿ ಬರದಿದ್ರ ನಾ ಯಾಕ ಒದರ್ತಿದ್ದೆ?” ಎಂದೆ.

“ಬರದಿದ್ನಿರಿ ಸರ್. ಕೋಡಿನ್ಯಾಗ ಹರಟಿ ಬ್ಯಾಡ ಅಂತ ಮದಲನೇ ಸಲಕ್ಕ ನೀವ ತಗಸಿದ್ರಿ.”

ಚಹಾ ಕುಡಿದೆ. ಅಲ್ಲೇ ಕೂತು ಒಪ್ಪಿಗೆಯ ಈ-ಮೇಲ್ ಬರೆದೆ. ಟಿಪ್ಪಣಿಯನ್ನು ತಿರುಗಿ ಹಾಕಿಸಿದೆ. ‘ನಾನು ತಪ್ಪು ತಿಳಿದಿದ್ದೆ’ ಎಂಬ ವಾಕ್ಯವನ್ನು ಮೂರು ಸಲ ಬರೆದು ಎರಡು ಸಲ ಅಳಿಸಿದೆ. “ಈಗ ಮಗಳ ಹೆಸರು ಆ ಕರ್ನಲ್ಲಿನ್ಯಾಗ ಬರ್ತೈತೇನ್ರಿ?” ಎಂದು ಸಾಹೇಬರು ಕೇಳಿದರು. ಬರುತ್ತದೆ ಎಂದೆ. ಅವರು ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು.

ಸಂಜೆ ಮನೆಗೆ ಬಂದೆ. “ಹೋದ ಕೆಲಸ ಏನಾತ್ರಿ?” ಎಂದು ಹೆಂಡತಿ ಕೇಳಿದಳು.

“ತಪ್ಪು ಸಿಕ್ತು.”

“ಯಾರ್ದು?”

ಹೀಗೆ ಕೇಳಿದರೆ ಮನುಷ್ಯನಿಗೆ ಸಿಟ್ಟು ಬರದೆ ಇರುತ್ತದೆಯೇ? ನೀವೇ ಹೇಳಿ.